ಶಾಮಲಮ್ಮ ಬೇಡ ಅಂದಿದ್ದು ಹಾರ

ನಮ್ಮ ಹೋಳೂರಿನ ಶಾಮಲಮ್ಮ ಸಿನಿಮಾದವರು ಕೊಟ್ಟ ಪ್ರಶಸ್ತೀನ ವೇದಿಕೆ ಮೇಲೇ ತಿರಸ್ಕರಿಸಿದಳು ಅಂತ ಪೇಪರಲ್ಲಿ ಬಂತಲ್ಲ, ಅದು ಶುದ್ಧ ಸುಳ್ಳು. ಬರೆದವನು ಅರ್ಧ ಗಂಟೆ ಕೂತು, ಬೋಂಡ ತಿಂದು, ಕೈ ಒರೆಸಿಕೊಂಡು ಎದ್ದು ಹೋದವನು. ನಾನು ಕೊನೇವರೆಗೂ ಇದ್ದೆ. ಅವಳ ಪಕ್ಕದ ಕುರ್ಚಿಯಲ್ಲೇ ಇದ್ದೆ. ಹಾಗಾಗಿ ನಡೆದದ್ದು ನಡೆದ ಹಾಗೆ ನಾನು ಹೇಳ್ತೀನಿ, ನೀವು ಕೇಳಿ.

ನಾನು ಸುನಂದ. ಮೂವತ್ತೊಂದು ವರ್ಷ ಅಂಗನವಾಡಿ ನಡೆಸಿ ರಿಟೈರಾದವಳು. ನನ್ನದು ಜೋರು ಬಾಯಿ ಅಂತ ಊರಲ್ಲೆಲ್ಲ ಹೆಸರು. ಇರಲಿ ಬಿಡಿ. ನಲವತ್ತು ಮಕ್ಕಳನ್ನ ಒಟ್ಟಿಗೆ ಮಲಗಿಸಿ ನೋಡಿ, ನಿಮ್ಮ ಬಾಯೂ ಜೋರಾಗುತ್ತೆ.

ಶಾಮಲಮ್ಮ ನಮ್ಮ ಮನೆ ಹಿಂದಿನ ಮನೆಯವಳು. ಆವನಿ ಕಡೆಯ ಹುಡುಗಿ, ಮದುವೆಯಾಗಿ ಇಲ್ಲಿಗೆ ಬಂದಾಗ ಬಾಯಿ ತೆಗೆದರೆ ತೆಲುಗು. ಆಮೇಲೆ ನಮ್ಮ ಜೊತೆ ಕನ್ನಡಕ್ಕೆ ತಿರುಗಿಕೊಂಡಳು, ಆದರೆ ರೇಷ್ಮೆ ಹುಳಗಳ ಜೊತೆ ಮಾತ್ರ ಯಾವಾಗಲೂ ತೆಲುಗೇ. 'ಪಿಲ್ಲಲು' ಅನ್ನೋಳು ಅವನ್ನ. ಮಕ್ಕಳು ಅಂತ. ಗಂಡ ತೀರಿಕೊಂಡು ಒಂಬತ್ತು ವರ್ಷ. ಮನೆ ಹಿಂದೆ ಒಂದೂವರೆ ಎಕರೆ ಹಿಪ್ಪುನೇರಳೆ ತೋಟ, ಅದರ ಅಂಚಿಗೆ ಉದ್ದನೆಯ ಹುಳದ ಮನೆ, ಒಳಗೆ ಹುಳ ಸಾಕೋ ಅಂತಸ್ತು ಅಂತಸ್ತಿನ ಅಟ್ಟಗಳು. ಅವಳ ಆಯಸ್ಸಿನ ಮುಕ್ಕಾಲು ಭಾಗ ಅದರೊಳಗೇ ಕಳೀತು.

ಹುಳದ ಮನೆಯೊಳಗೆ ನೀವು ಯಾವತ್ತಾದರೂ ನಿಂತಿದ್ದೀರಾ? ನಾಲ್ಕನೇ ಜ್ವರ ಎದ್ದ ಮೇಲೆ ನಿಲ್ಲಬೇಕು. ಜ್ವರ ಅಂದರೆ ಕಾಯಿಲೆ ಅಲ್ಲ ಮತ್ತೆ. ಹುಳ ನಾಲ್ಕು ಸಲ ತಿನ್ನೋದು ಬಿಟ್ಟು, ತಲೆ ಎತ್ತಿಕೊಂಡು ಸುಮ್ಮನೆ ಕೂತು ಚರ್ಮ ಕಳಚುತ್ತೆ, ಅದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ನಾಲ್ಕೂ ಮುಗಿದ ಮೇಲೆ ವಾರ ತಿಂದು ಮೈ ಹಣ್ಣಾದರೆ, ತಿನ್ನೋದು ಬಿಟ್ಟು ಗೂಡು ಕಟ್ಟೋದಕ್ಕೆ ಹೋಗುತ್ತೆ. ನಾಲ್ಕನೇದು ಎದ್ದ ಹುಳಕ್ಕೆ ಅದೆಂಥ ಹಸಿವು ಅಂತೀರಿ! ಸಾವಿರಾರು ಬಾಯಿ ಒಟ್ಟಿಗೆ ಸೊಪ್ಪಿಗೆ ಬೀಳ್ತವೆ. ಆಗ ಒಂದು ಸದ್ದು ಏಳುತ್ತೆ. ದೂರದ ಹೊಲದ ಮೇಲೆ ಸಣ್ಣ ಮಳೆ ನಡೆದು ಬಂದ ಹಾಗೆ. ಹೊರಗೆ ನೋಡಿದರೆ ಸುಡೋ ಬಿಸಿಲು, ಒಳಗೆ ಮಳೆ. ಕಿಟಕಿಯ ಜಾಲರಿಯಿಂದ ಬೆಳಕು ಹಸಿರಾಗಿ ಬೀಳ್ತಾ ಇರುತ್ತೆ. ಅಲ್ಲಿ ಐದು ನಿಮಿಷ ನಿಂತರೆ ಸಾಕು, ನನ್ನಂಥವಳಿಗೂ ಬೈಯೋದು ಮರೆತುಹೋಗುತ್ತೆ, ಯಾವ ಊರು ಯಾವ ವಾರ ಅನ್ನೋದೂ ಮರೆತುಹೋಗುತ್ತೆ. ಎಷ್ಟೋ ಮಧ್ಯಾಹ್ನ ನಾನು ಅಲ್ಲಿ ಗೋಡೆಗೆ ಒರಗಿ ನಿಂತೇ ತೂಕಡಿಸಿದ್ದೀನಿ.

ಶಾಮಲಮ್ಮನಿಗೆ ಆ ಸದ್ದೇ ಎಲ್ಲ. ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿಕೊಂಡರೆ ಹೇಳಿಬಿಡೋಳು, ಮೂಲೆಯ ಅಟ್ಟದಲ್ಲಿ ಸೊಪ್ಪು ಸಾಲ್ದು, ನಡುವಿನವು ಇನ್ನೆರಡು ಹೊತ್ತಿಗೆ ಜ್ವರಕ್ಕೆ ಕೂರ್ತಾವೆ, ಅಂತ. ಹೋಗಿ ನೋಡಿದರೆ ಹಾಗೇ ಇರೋದು. ಅವಳಿಗೆ ಯಾವ ಪುಸ್ತಕ, ಯಾವ ಆಫೀಸರೂ ಬೇಕಿರಲಿಲ್ಲ.

ಇಂಥವಳು ಈ ಪ್ರಶಸ್ತಿಗೆ ಎರಡು ವರ್ಷ ಮೊದಲು ಒಂದು ದಿನ ಜ್ವರಕ್ಕೆ ಕೂತ ಹುಳದ ಮೇಲೆ ಸೊಪ್ಪು ಹರಡ್ತಾ ಇದ್ದಳು. ಕಲಿಯೋ ಹುಡುಗೀರು ಮಾಡೋ ತಪ್ಪು ಅದು. ನಾನು ನೋಡಿ, "ಏನೇ ಶಾಮ, ತಲೆ ಕೆಟ್ಟಿದೆಯಾ? ಮನೆಯೆಲ್ಲ ಗಪ್‌ಚುಪ್ ಆಗಿದೆ, ಸೊಪ್ಪು ಹಾಕ್ತಿದೀಯಲ್ಲೇ!" ಅಂತ ಕೂಗಿದೆ. ಅವಳು ತಿರುಗಲೇ ಇಲ್ಲ. ಹೋಗಿ ಭುಜ ಮುಟ್ಟಿದೆ, ಬೆಚ್ಚಿಬಿದ್ದಳು. ಆಮೇಲೆ ನನ್ನ ಕೈ ಹಿಡಿದುಕೊಂಡು, "ಯಾರಿಗೂ ಹೇಳಬೇಡ ಕಣೇ," ಅಂದಳು. ಎದುರಿಗೆ ನಿಂತು ಜೋರಾಗಿ ಆಡಿದ ಮಾತು ಕೇಳಿಸ್ತಿತ್ತು, ಬಸ್ಸಿನ ಹಾರ್ನ್ ಕೇಳಿಸ್ತಿತ್ತು. ಹುಳದ ಸದ್ದು ಮಾತ್ರ ಪೂರ್ತಿ ಹೊರಟುಹೋಗಿತ್ತು.

ಯಾಕೆ ಹೇಳಬಾರದು ಅಂದರೆ, ಮಗ ಭೀಮರಾಜ. ಒಳ್ಳೇ ಹುಡುಗನೇ, ಲಗೇಜ್ ಆಟೋ ಓಡಿಸ್ತಾನೆ. ಅಮ್ಮನಿಗೆ ವಯಸ್ಸಾಯ್ತು, ಹುಳ ಸಾಕು, ಆ ಮನೇನ ಟೊಮೆಟೊ ಕ್ರೇಟು ಇಡೋದಕ್ಕೆ ಮಾಡಿಕೊಳ್ಳೋಣ ಅಂತ ಹಠ ಹಿಡಿದಿದ್ದ. ಕಿವಿ ಹೋಗಿದೆ ಅಂತ ಗೊತ್ತಾದರೆ ಅವತ್ತೇ ಅಟ್ಟ ಬಿಚ್ಚುತ್ತಾನೆ. "ಡಾಕ್ಟರ ಹತ್ರ ಹೋಗೋಣ, ಮಿಷನ್ ಹಾಕಿಸಿಕೊಳ್ಳೇ," ಅಂದರೆ, "ಮಿಷನ್ ಹಾಕಿದ್ರೆ ಅವನು ನೋಡಲ್ವಾ?" ಅನ್ನೋಳು. ಎರಡು ವರ್ಷ ಕಣ್ಣಳತೆಯಲ್ಲೇ ಹುಳ ಸಾಕಿದಳು. ಬೆಳೆ ಏನೋ ಬರ್ತಿತ್ತು. ಆದರೆ ಸೊಪ್ಪು ಹಾಕಿ ಬಾಗಿಲಲ್ಲಿ ನಿಂತುಕೊಂಡಾಗ ಅವಳ ಮುಖ ನೋಡಬೇಕಿತ್ತು ನೀವು. ಮನೆಯ ಮುಂದೆ ನಿಂತು ಒಳಗಿನವರು ಯಾರೂ ಬಾಗಿಲು ತೆಗೆಯದೇ ಇದ್ದ ಹಾಗೆ ನಿಂತಿರೋಳು.

ಆ ನಡುವೆ ಬಂದಳು ರಜನಿ. ಮಾಲೂರಿನ ಹುಡುಗಿ, ಇಪ್ಪತ್ತೈದೋ ಇಪ್ಪತ್ತಾರೋ. ರೇಷ್ಮೆ ಹುಳದ ಮೇಲೆ ಸಣ್ಣ ಸಿನಿಮಾ ತೆಗೀತೀನಿ ಅಂದಳು. "ಹೀರೋ ಯಾರಮ್ಮ?" ಅಂದೆ. "ಹುಳಾನೇ ಆಂಟಿ," ಅಂದಳು. ಆಂಟಿ ಅಂದಿದ್ದಕ್ಕೆ ನನಗೆ ಸಿಟ್ಟು ಬಂತು, ಹುಡುಗಿ ಮಾತ್ರ ಇಷ್ಟ ಆದಳು. ಶಾಮಲಮ್ಮ ಅವಳಿಗೆ ತನ್ನ ಮನೆಯ ಕಟ್ಟುಪಾಡೆಲ್ಲ ಹೇಳಿದಳು. ತಲೆಗೆ ಸ್ನಾನ ಮಾಡಿ ಬರಬೇಕು. ಪೌಡರು, ಸೆಂಟು, ಮುಡಿಯಲ್ಲಿ ಹೂವು ಇರಕೂಡದು. ಹೊಗೆಸೊಪ್ಪಿನವರು ಈ ಕಡೆ ತಲೆ ಹಾಕಕೂಡದು. ಹೊಸಲಲ್ಲಿ ಸುಣ್ಣದ ಪುಡಿ ತುಳಿದು ಒಳಗೆ ಬರಬೇಕು. ಘಾಟು ವಾಸನೆ ಬಡಿದರೆ ಹುಳ ಬಾಯಿ ಎತ್ತಲ್ಲ, ಹೂವಿನವರು ಹೂವಿಗೆ ಹೊಡೆದ ಔಷಧಿ ಸೋಕಿದರಂತೂ ಒದ್ದಾಡಿ ಸಾಯ್ತವೆ. ಇಲ್ಲಿ ಯಾರೂ ಈ ಮಾತು ಮೀರಲ್ಲ, ಮದುವೆ ಮನೆಗೆ ಹೋಗಿ ಬಂದರೂ ಸೀರೆ ಬದಲಾಯಿಸಿ ಮಿಂದೇ ಒಳಗೆ ಕಾಲಿಡೋದು.

ಹುಡುಗಿ ಹನ್ನೊಂದು ದಿನ ಇದ್ದಳು. ಉಣ್ಣೆ ಸುತ್ತಿದ ಒಂದು ಮೈಕು ತಂದಿದ್ದಳು, ಅದನ್ನ ಸೊಪ್ಪಿನ ಪಕ್ಕ ಇಟ್ಟು ಗಂಟೆಗಟ್ಟಲೆ ಕಣ್ಣು ಮುಚ್ಚಿ ಕೂರೋಳು. ಅವಳ ಜೊತೆ ಶಾಮಲಮ್ಮನೂ ಕಣ್ಣು ಮುಚ್ಚಿ ಕೂರೋಳು. ಒಬ್ಬಳಿಗೆ ಎಲ್ಲ ಕೇಳಿಸ್ತಿತ್ತು, ಇನ್ನೊಬ್ಬಳು ನೆನಪು ಮಾಡಿಕೊಳ್ತಿದ್ದಳು. ಹದಿನಾಲ್ಕು ನಿಮಿಷದ ಸಿನಿಮಾ, 'ಸೊಪ್ಪಿನ ಹೊತ್ತು' ಅಂತ ಹೆಸರಿಟ್ಟಳು.

ಎಂಟು ತಿಂಗಳಾದ ಮೇಲೆ ನನಗೆ ರಜನಿಯ ಫೋನು. ಕೋಲಾರದಲ್ಲಿ 'ಅಂತರಗಂಗೆ ಸ್ವತಂತ್ರ ಚಿತ್ರೋತ್ಸವ' ಅಂತ ನಡೆಯುತ್ತೆ, ಅಲ್ಲಿ ನಮ್ಮ ಚಿತ್ರಕ್ಕೆ ಒಳ್ಳೇ ಶಬ್ದದ ಪ್ರಶಸ್ತಿ ಬಂದಿದೆ, ಅದನ್ನ ಶಾಮಲಮ್ಮನ ಕೈಗೇ ಕೊಡ್ತಾರೆ, ಜೊತೆಗೆ ಸನ್ಮಾನ, ಅಂದಳು. ಸ್ವತಂತ್ರ ಅಂದರೆ ಕಂಪನಿಯವರು ಹಿಂದೆ ಇಲ್ಲದೆ, ಹಾಡು ಹೊಡೆದಾಟ ಇಲ್ಲದೆ, ತಮ್ಮ ಪಾಡಿಗೆ ತಾವು ತೆಗೆದ ಸಿನಿಮಾಗಳಂತೆ. ನನಗೆ ಸನ್ಮಾನ ಅಂದಕೂಡಲೇ ಶಾಲು, ಪೇಟ, ಫೋಟೋ ಕಣ್ಣ ಮುಂದೆ ಬಂದವು. ಶಾಮಲಮ್ಮನಿಗೆ ಕೂಗಿ ಹೇಳಿದೆ, ಅವಳು ಕೇಳಿದ್ದು ಒಂದೇ ಮಾತು.

"ಆ ಸದ್ದನ್ನ ಅಲ್ಲಿ ಹಾಕ್ತಾರಾ? ಜೋರಾಗಿ ಹಾಕ್ತಾರಾ?"

"ಹಾಲ್ ಅದುರೋ ಹಾಗೆ ಹಾಕಿಸ್ತೀನಮ್ಮ. ಆಳೆತ್ತರದ ಸ್ಪೀಕರ್ ಬಾಕ್ಸು ಇರ್ತವೆ," ಅಂದಳು ರಜನಿ.

ಅವತ್ತಿಂದ ಶಾಮಲಮ್ಮ ನೆಲದ ಮೇಲೆ ನಡೆಯಲಿಲ್ಲ. ಪ್ರಶಸ್ತಿ ಸುದ್ದಿ ಎತ್ತಿದರೆ ಊಹೂಂ. ಬಾಕ್ಸಿನ ಸುದ್ದಿ ಮಾತ್ರ. ಎಷ್ಟು ಎತ್ತರ, ಎಷ್ಟು ಹತ್ತಿರ ಕೂರಬಹುದು, ಸದ್ದು ಎಷ್ಟು ಹೊತ್ತು ಇರುತ್ತೆ. ಒಂದು ಸಲ, ಒಂದೇ ಸಲ ಅದು ಕಿವಿಗೆ ಬಿದ್ದರೆ ಸಾಕು ಕಣೇ ಸುನಂದ, ಅಂದಳು. ಅಳೋ ಬದಲು ಬೈದೆ. "ಮೊದಲು ಸೀರೆ ಇಸ್ತ್ರಿ ಮಾಡಿಸೇ," ಅಂದೆ.

ನೋಡಿ ಗ್ರಹಚಾರ, ಆ ದಿನಕ್ಕೆ ಸರಿಯಾಗಿ ಮನೆಯಲ್ಲಿ ಹುಳ ನಾಲ್ಕನೇ ಜ್ವರ ಎದ್ದು ಮೂರನೇ ದಿನ. ಸೊಸೆ ವಾಣಿಶ್ರೀಗೆ ಎರಡು ಹೊತ್ತಿನ ಸೊಪ್ಪು ಒಪ್ಪಿಸಿ, ಸಂಜೆ ಸೊಪ್ಪಿಗೆ ಬಂದೇ ಬರ್ತೀನಿ ಅಂತ ಹೇಳಿ ಹೊರಟಳು. ಭೀಮರಾಜನ ಲಗೇಜ್ ಆಟೋದಲ್ಲಿ ಮುಂದೆ ನಾವಿಬ್ಬರು. ದಾರಿ ಉದ್ದಕ್ಕೂ ಅವಳು ಹೊರಗೇ ನೋಡ್ತಿದ್ದಳು. ಹೊಲ, ಬಂಡೆ, ಕೆರೆ ಏರಿ ಎಲ್ಲ ಬಿಸಿಲಲ್ಲಿ ತೇಲಿಕೊಂಡು ಹಿಂದೆ ಹೋಗ್ತಿದ್ದವು. ಎಚ್ಚರವಾಗಿದ್ದುಕೊಂಡೇ ಕನಸು ಕಾಣೋರನ್ನ ಅವತ್ತೇ ನಾನು ನೋಡಿದ್ದು.

ಹಾಲ್ ಅಂದರೆ ಒಂದು ಕಲ್ಯಾಣ ಮಂಟಪ. ಕಿಟಕಿಗೆಲ್ಲ ಕಪ್ಪು ಬಟ್ಟೆ, ಧಾರೆ ಎರೆಯೋ ಜಾಗದಲ್ಲಿ ಬಿಳೀ ಪರದೆ. ಎರಡೂ ಪಕ್ಕ ನಿಜವಾಗಿಯೂ ಆಳೆತ್ತರದ ಬಾಕ್ಸು! ಶಾಮಲಮ್ಮ ಹೋಗಿ ಅದರ ಮೈ ಸವರಿ ಬಂದಳು. ನಾವು ಮುಂದಿನ ಸಾಲಲ್ಲಿ ಕೂತೆವು. ಸದ್ದು ಜೋರಾಗಿಡೋದಕ್ಕೆ ಹೇಳ್ತೀನಿ ಅಂತ ರಜನಿ ಹಿಂದುಗಡೆ ಮಿಷನ್ನಿನವನ ಹತ್ತಿರ ಹೋದಳು.

ಹೆಸರು ಕೂಗಿದರು. ನಾನು ತಿವಿದೆ, ಶಾಮಲಮ್ಮ ಎದ್ದು ವೇದಿಕೆ ಹತ್ತಿದಳು. ಶಾಲು ಹೊದಿಸಿದರು, ಸರಿ. ಪೇಟ ಇಟ್ಟರು, ಸರಿ, ಸ್ವಲ್ಪ ದೊಡ್ಡದಾಗಿ ಹುಬ್ಬಿನವರೆಗೆ ಬಂತು. ಆಮೇಲೆ ಮುಖ್ಯ ಅತಿಥಿಗಳು ಸುಗಂಧರಾಜದ ಹಾರ ಎತ್ತಿಕೊಂಡರು, ತೋಳು ಗಾತ್ರದ ಹಾರ. ಅವರ ಪಕ್ಕ ಒಬ್ಬಳು ಪನ್ನೀರುದಾನಿ ಅಲ್ಲಾಡಿಸಿಕೊಂಡು ಬಂದಳು. ಅಯ್ಯೋ, ನಮಗೆ ಇಬ್ಬರಿಗೂ ಇದು ಹೊಳೆದೇ ಇರಲಿಲ್ಲವಲ್ಲ!

ಶಾಮಲಮ್ಮ ಎರಡೂ ಕೈ ಮುಂದೆ ಚಾಚಿ ಹಿಂದಕ್ಕೆ ಹೋದಳು. "ಬೇಡ, ಬೇಡ, ಬೇಡ. ಹತ್ರ ತರಬೇಡಿ!"

ಅತಿಥಿಗಳು ನಾಚಿಕೆ ಇರಬಹುದು ಅಂತ ನಗ್ತಾ ಇನ್ನೊಂದು ಹೆಜ್ಜೆ ಇಟ್ಟರು. ಇವಳು ಪೇಟ ತೆಗೆದು ಮೇಜಿನ ಮೇಲಿಟ್ಟು, ಶಾಲು ತೆಗೆದು ಅದರ ಮೇಲಿಟ್ಟು, ಪ್ರಶಸ್ತಿ ಫಲಕ ಅಲ್ಲೇ ಬಿಟ್ಟು, ಸರಸರ ಮೆಟ್ಟಿಲಿಳಿದು ಬಂದು ನನ್ನ ಪಕ್ಕ ಕೂತಳು. "ಅಬ್ಬ, ತಪ್ಪಿಸಿಕೊಂಡೆ," ಅಂದಳು. ಶಾಲಿಗೂ ಪನ್ನೀರು ಹನಿಸಿದ್ದರಂತೆ.

ಆಮೇಲೆ ಹಿಂದಿನ ಸಾಲಿನ ಗಡ್ಡದ ಹುಡುಗರು ಎದ್ದು ನಿಂತು ಚಪ್ಪಾಳೆ ಹೊಡೆದರು! ಒಬ್ಬ, "ಇದು ಪ್ರತಿಭಟನೆ!" ಅಂತ ಕೂಗಿದ. ಉತ್ಸವ ನಡೆಸೋರು ಅಮರನಾಥ್ ಅಂತ, ಜುಬ್ಬಾ ಹಾಕಿದ್ದ ಮೆತ್ತನೆ ಮನುಷ್ಯ. ಅವರ ಮುಖ ಬೆಳ್ಳಗಾಯ್ತು. ಮೈಕು ಹಿಡಿದು, "ಆ ತಾಯಿಯ ನಿರಾಕರಣೆಯನ್ನು ನಾವು ಗೌರವಿಸುತ್ತೇವೆ. ಅವರ ಬದುಕನ್ನು ಅವರ ಮನಸ್ಸಿಗೆ ವಿರುದ್ಧವಾಗಿ ತೆರೆಯ ಮೇಲೆ ತೋರಿಸುವುದು ತಪ್ಪು. ಈ ಚಿತ್ರದ ಪ್ರದರ್ಶನವನ್ನು ಕೈಬಿಡುತ್ತಿದ್ದೇವೆ," ಅಂದರು. ನೋಡಿ, ಕೆಟ್ಟವರಲ್ಲ ಅವರು, ಅದೇ ತೊಂದರೆ. ಕೆಟ್ಟವರಾಗಿದ್ದರೆ ನಾನು ಒಂದು ಕೈ ನೋಡಿಕೊಳ್ತಿದ್ದೆ.

ರಜನಿ ಓಡಿ ಬಂದು ನನ್ನ ಕಾಲ ಹತ್ತಿರ ಕೂತಳು. ಕಣ್ಣಲ್ಲಿ ದಳದಳ ನೀರು. "ಆಂಟಿ, ಅಮ್ಮನಿಗೆ ನಾನೇನು ತಪ್ಪು ಮಾಡಿದೆ?"

"ತಪ್ಪೂ ಇಲ್ಲ ಮಣ್ಣೂ ಇಲ್ಲ, ಸುಮ್ಮನಿರಮ್ಮ," ಅಂದೆ.

ಮೈಕಿನ ಮಾತು ಶಾಮಲಮ್ಮನ ಕಿವಿಗೆ ಬರೀ ಗುಂಯ್ ಅನ್ನೋ ಸದ್ದು, ಅವಳಿಗೆ ಇದ್ಯಾವುದೂ ಗೊತ್ತಿಲ್ಲ. ಪರದೆ ನೋಡಿಕೊಂಡು ಕೈಕಟ್ಟಿ ಕೂತಿದ್ದಾಳೆ. ಅಮರನಾಥರಿಗೆ ಹಾರದ ವಿಷಯ ಹೇಳೋಣ ಅಂತ ನಾನು ಏಳೋಷ್ಟರಲ್ಲಿ ದೀಪ ಆರಿತು, ಯಾವುದೋ ಬೇರೆ ಚಿತ್ರ ಶುರುವಾಯ್ತು, ಸಮುದ್ರ, ಒಂದು ದೋಣಿ. "ನಮ್ಮದು ಯಾವಾಗ?" ಅಂದಳು. ಕಿವಿಯಲ್ಲಿ ಹೇಳಿದರೆ ಅವಳಿಗೆ ಕೇಳಿಸಲ್ಲ, ಕೂಗಿ ಹೇಳಿದರೆ ಆ ಪಕ್ಕ ಕೂತಿರೋ ಭೀಮರಾಜನಿಗೆ ಅವಳ ಕಿವಿ ವಿಷಯ ಗೊತ್ತಾಗಿಬಿಡುತ್ತೆ. ಏನು ಮಾಡಲಿ? ಆಹ್ವಾನ ಪತ್ರಿಕೆಯ ಹಿಂಬದಿ ಬರೆದೆ. 'ಹಾರ ಬೇಡ ಅಂದಿದ್ದಕ್ಕೆ ಪ್ರಶಸ್ತೀನೇ ಬೇಡ ಅಂದೆ ಅಂತ ತಿಳ್ಕೊಂಡಿದ್ದಾರೆ. ನಮ್ಮ ಸಿನಿಮಾ ಹಾಕಲ್ಲವಂತೆ.' ಏಳನೇ ಕ್ಲಾಸು ಓದಿದವಳು, ಪರದೆಯ ಬೆಳಕಿಗೆ ಹಿಡಿದು ಅಕ್ಷರ ಅಕ್ಷರ ಓದಿದಳು. ಒಂದು ಸಲ ಮಗನ ಕಡೆ ನೋಡಿದಳು. ನನಗೆ ಎದ್ದು ಕೂಗಿಬಿಡೋಣ ಅನ್ನಿಸಿತು, ಆದರೆ ಕಿವಿಯ ವಿಷಯ ನಾನು ಹೇಳೋ ಮಾತಾಗಿರಲಿಲ್ಲ.

ದೋಣಿ ಸಿನಿಮಾ ಮುಗಿದು ದೀಪ ಹತ್ತಿದ್ದೇ ತಡ, ಶಾಮಲಮ್ಮ ಎದ್ದಳು. ವೇದಿಕೆ ಹತ್ತಿ ಅಮರನಾಥರ ಕೈಯಿಂದ ಮೈಕು ತಗೊಂಡಳು.

"ನಂಗೆ ಮಾತಾಡಕ್ಕೆ ಬರಲ್ಲ. ಪ್ರಶಸ್ತಿ ಬೇಡ ಅನ್ನಲಿಲ್ಲ ಸ್ವಾಮಿ ನಾನು, ಹಾರ ಬೇಡ ಅಂದೆ. ಮನೇಲಿ ಹುಳ ಇದಾವೆ. ನಾಲ್ಕನೇ ಜ್ವರ ಎದ್ದು ಮೂರು ದಿನ. ಈ ಘಮ ಮೈಗೆ ಅಂಟಿಸಿಕೊಂಡು ಒಳಗೆ ಹೋದ್ರೆ ನಮ್ಮ ಪಿಲ್ಲಲು ಬಾಯಿ ಎತ್ತಲ್ಲ."

ಯಾರೋ ಇಬ್ಬರು ನಕ್ಕರು. ಇವಳು ಮೈಕು ಕೆಳಗಿಡಲಿಲ್ಲ.

"ಇನ್ನೊಂದು ಮಾತು. ನಂಗೆ ಕಿವಿ ಹೋಗಿದೆ. ಎರಡು ವರ್ಷ ಆಯ್ತು. ಹುಳ ತಿನ್ನೋ ಸದ್ದು ಕೇಳಿಸಲ್ಲ. ಭೀಮಾ, ನಿಂಗೂ ಹೇಳಿಲ್ಲ ಕಣೋ, ಬೈಬೇಡ. ಈ ಮಗು ದೊಡ್ಡ ಬಾಕ್ಸಲ್ಲಿ ಆ ಸದ್ದು ಹಾಕಿಸ್ತೀನಿ ಅಂದ್ಳು, ಅದಕ್ಕೇ ಬಂದೆ. ಒಂದ್ಸಲ ಹಾಕಿಬಿಡಿ. ಪ್ರಶಸ್ತಿ ಬೇಕಾದ್ರೆ ನೀವೇ ಇಟ್ಕಳಿ."

ಈಗ ಯಾರೂ ನಗಲಿಲ್ಲ. ಗಡ್ಡದ ಹುಡುಗರೂ ಕೂತುಬಿಟ್ಟರು. ಅಮರನಾಥರು ಹಾರ, ಪನ್ನೀರು ಎಲ್ಲ ಹೊರಗೆ ಕಳಿಸಿ, ತಾವೇ ಕೈ ತೊಳೆದುಕೊಂಡು ಬಂದು ಫಲಕ ಅವಳ ಕೈಗಿಟ್ಟರು. ನನ್ನ ಕಣ್ಣು ಭೀಮರಾಜನ ಮೇಲಿತ್ತು. ಅವನು ಎದ್ದ, ಅಮ್ಮನ ಕುರ್ಚಿ ಎತ್ತಿದ, ಹೋಗಿ ಬಾಕ್ಸಿನ ಮುಂದೆ ಒಂದು ಮೊಳ ದೂರಕ್ಕೆ ಹಾಕಿದ. "ಸುನಂದತ್ತೆ, ನೀವೂ ಇಲ್ಲೇ ಬನ್ನಿ," ಅಂದ.

ಆಮೇಲೆ ಏನಾಯ್ತು ಅಂತ ನೀವು ಕೇಳ್ತೀರಿ, ಅದನ್ನ ಈಗಲೇ ಹೇಳಿ ಮುಗಿಸ್ತೀನಿ. ವಾರದೊಳಗೆ ಮಗನೇ ಡಾಕ್ಟರ ಹತ್ತಿರ ಕರಕೊಂಡು ಹೋಗಿ ಕಿವಿಗೆ ಮಿಷನ್ ಹಾಕಿಸಿದ. ಜನರ ಮಾತು ಈಗ ಚೆನ್ನಾಗಿ ಕೇಳಿಸುತ್ತೆ, ನಾನು ಗೊಣಗಿಕೊಂಡರೂ ಹಿಡಿದುಬಿಡ್ತಾಳೆ. ಹುಳದ ಸದ್ದು ಮಾತ್ರ ಮಿಷನ್ನಿಗೂ ಸಿಗಲಿಲ್ಲ. ಆ ಬೆಳೆ ಚೆನ್ನಾಗಿ ಬಂತು. ಇನ್ನೊಂದು ಬೆಳೆ ಮಾಡಿದಳು, ಅದೂ ಚೆನ್ನಾಗೇ ಬಂತು. ಆಮೇಲೆ ಒಂದು ದಿನ ತಾನೇ ಮಗನನ್ನ ಕರೆದು, ಅಟ್ಟ ಬಿಚ್ಚೋ, ಸಾಕು, ಅಂದಳು. ಯಾರೂ ಬಲವಂತ ಮಾಡಲಿಲ್ಲ. ಈಗ ಅಲ್ಲಿ ಟೊಮೆಟೊ ಕ್ರೇಟು. ಅಷ್ಟೇ.

ನಾನು ಹೇಳಬೇಕಾಗಿದ್ದು ಆ ಹದಿನಾಲ್ಕು ನಿಮಿಷದ ವಿಷಯ.

ದೀಪ ಆರಿತು. ಪರದೆ ಮೇಲೆ ಮೊದಲು ಬರೀ ಹಸಿರು. ಆಮೇಲೆ ಒಂದು ಎಲೆ, ಅದರ ಅಂಚಲ್ಲಿ ಒಂದು ಹುಳದ ಮುಖ, ಆನೆಯಷ್ಟು ದೊಡ್ಡದು. ಸದ್ದಿಲ್ಲ. ಆಮೇಲೆ ಶುರುವಾಯ್ತು. ಮೊದಲು ಒಂದು ಬಾಯಿ, ಆಮೇಲೆ ಹತ್ತು, ಆಮೇಲೆ ಲೆಕ್ಕವಿಲ್ಲದಷ್ಟು. ಬಾಕ್ಸು ಅದುರಿತು, ನಮ್ಮ ಕುರ್ಚಿ ಅದುರಿತು, ನನ್ನ ಪಕ್ಕೆಲುಬಿನೊಳಗೆಲ್ಲ ಹುಳ ಸೊಪ್ಪು ತಿನ್ನೋದಕ್ಕೆ ಶುರು ಮಾಡಿದವು. ಹೊರಗಿನ ರಸ್ತೆ, ಬಸ್ಸು, ಕೋಲಾರ ಎಲ್ಲ ಎಲ್ಲೋ ಕರಗಿಹೋಯ್ತು. ಇಡೀ ಮಂಟಪ ನೆಲ ಬಿಟ್ಟು ಮೆತ್ತಗೆ ಮೇಲೆದ್ದು ನಮ್ಮ ಹಿಪ್ಪುನೇರಳೆ ತೋಟದೊಳಗೆ ಹೋಗಿ ಕೂತಂತೆ ಅನ್ನಿಸಿತು ನನಗೆ.

ಶಾಮಲಮ್ಮನ ಕಡೆ ನೋಡೋದಕ್ಕೆ ಭಯ. ಆದರೂ ನೋಡಿದೆ. ಬಾಯಿ ಸ್ವಲ್ಪ ತೆರೆದಿತ್ತು. ಮಲಗಿದ ಮಗುವಿನ ಮುಖ ನೂರು ಸಲ ನೋಡಿದವಳು ನಾನು, ಅಂಥ ಮುಖ. ಕಣ್ಣು ಮುಚ್ಚಿಕೊಂಡು ಏನೋ ತೆಲುಗಲ್ಲಿ ಗುನುಗ್ತಿದ್ದಳು. ಆಮೇಲೆ, "ಮೂರನೇ ದಿನದ ಹಸಿವು ಕಣೇ ಇದು," ಅಂದಳು. "ಎಡಗಡೆಯವಕ್ಕೆ ಸೊಪ್ಪು ಸಾಲ್ದು. ಆ ದಿನ ನಾನು ಕಡಿಮೆ ಹಾಕಿದೀನಿ." ಹಿಂದೆ ನಿಂತಿದ್ದ ರಜನಿ ಬಿಕ್ಕಿಬಿಕ್ಕಿ ಅತ್ತಳು. ನಾನೂ ಅತ್ತೆ, ಯಾಕೆ ಮುಚ್ಚಿಡಲಿ.

ಹದಿನಾಲ್ಕು ನಿಮಿಷ ಅದೆಷ್ಟು ಹೊತ್ತು! ಪರದೆ ಮೇಲೆ ಹೆಸರುಗಳು ಒಂದೊಂದೇ ಮೇಲಕ್ಕೆ ಹೋಗೋದಕ್ಕೆ ಶುರುವಾದವು. ಚಿತ್ರದ ಕೊನೆಯಲ್ಲಿ ರಜನಿ ಆ ಸದ್ದನ್ನ ಒಮ್ಮೆಲೇ ನಿಲ್ಲಿಸಿಲ್ಲ, ಇಳಿಸ್ತಾ ಇಳಿಸ್ತಾ ಹೋಗಿದ್ದಾಳೆ. ಬಾಕ್ಸು ಅದುರೋದು ನಿಂತಿತು. ಶಾಮಲಮ್ಮ ಕಣ್ಣು ತೆರೆದಳು. ಬಾಕ್ಸಿನ ಕಡೆ ಇನ್ನಷ್ಟು ಬಾಗಿದಳು, ಕೈ ಚಾಚಿ ಅದರ ಮೇಲಿಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

"ಸುನಂದ, ನಿಂತೋಯ್ತಾ? ಇಲ್ಲ ನಂಗೇ ಕೇಳಿಸ್ತಿಲ್ವಾ?"

ಹಾಲ್ ತುಂಬ ಹುಳ ಇನ್ನೂ ಸಣ್ಣಗೆ ತಿನ್ನುತ್ತಲೇ ಇದ್ದವು.

"ನಿಂತೋಯ್ತು ಕಣೇ," ಅಂದೆ ಅವಳ ಕಿವಿಗೆ ಬಾಯಿಟ್ಟು ಜೋರಾಗಿ. "ಎಲ್ಲಾ ಹಣ್ಣಾಗಿ ಗೂಡು ಕಟ್ಟಕ್ಕೆ ಹೋದ್ವು."